ಟ್ರ್ಯಾಕ್ಟರಿನಲ್ಲಿ ಬಿದ್ದ ನಿಂಬೆಹಣ್ಣು

ಪಂಚಮಿಯ ಮರುದಿನ ನಮ್ಮ ಖಾನಾವಳಿಯ ಸ್ಕ್ಯಾನರ್ ನಿಂತಿತು. ಯಾರು ಸ್ಕ್ಯಾನ್ ಮಾಡಿದರೂ ‘ಈ ವ್ಯಾಪಾರಿಗೆ ಹಣ ಕಳಿಸಲಾಗದು’ ಎಂದು ಬರುತ್ತಿತ್ತು. ಹತ್ತಿಮತ್ತೂರಿನಲ್ಲಿ ಈಗ ಜೇಬಿನಲ್ಲಿ ನೋಟು ಇಟ್ಟುಕೊಂಡು ಊಟಕ್ಕೆ ಬರುವವರು ಕಡಿಮೆ. ಗಿರಾಕಿಗಳು ಎದುರಿನ ಹೋಟೆಲಿಗೆ ಹೋದರು. ಅತ್ತೆ ಸರೋಜವ್ವ ಬಡಿದ ರೊಟ್ಟಿ ಬುಟ್ಟಿಯಲ್ಲೇ ಉಳಿಯಿತು.

ಸ್ಕ್ಯಾನರ್ ಕೊಟ್ಟ ಕಂಪನಿಗೆ ಫೋನ್ ಮಾಡಿದೆ. ಆನ್‌ಲೈನ್ ಜೂಜು ನಿಷೇಧಿಸುವ ಕಾನೂನು ಬಂದ ಮೇಲೆ ಅನುಮಾನ ಬಂದ ಖಾತೆಗಳನ್ನು ತಡೆಹಿಡಿಯುತ್ತಾರಂತೆ. ನಮಗೆ ಹಣ ಕಳಿಸಿದವರು ಬರೆದ ಒಕ್ಕಣೆ ಓದಿದರೆ ಯಾರಿಗಾದರೂ ಅನುಮಾನ ಬರಬೇಕು: ‘ಬಾಜಿ ಸೋತದ್ದು’, ‘ಬಾಜಿ, ಐದು ಮಂದಿ’, ‘ಬಾಜಿ ಚುಕ್ತಾ’.

ಪಂಚಮಿಗೆ ನಮ್ಮಲ್ಲಿ ನಿಂಬೆಹಣ್ಣು ದೂರಕ್ಕೆ ಎಸೆಯುವ, ನಮ್ಮ ಮಾತಿನಲ್ಲಿ ಒಗೆಯುವ, ಬಾಜಿ ಕಟ್ಟುತ್ತಾರೆ. ಹಣ್ಣು ಬಿದ್ದಲ್ಲಿಂದಲೇ ಮತ್ತೆ ಒಗೆಯುತ್ತ, ಹೇಳಿದ ಜಾಗವನ್ನು ಹೇಳಿದಷ್ಟೇ ಒಗೆತದಲ್ಲಿ ಮುಟ್ಟಬೇಕು. ಸೋತವನು ಗೆದ್ದವನ ಗುಂಪಿಗೆ ನಮ್ಮಲ್ಲಿ ಊಟ ಹಾಕಿಸಬೇಕು. ಆಮೇಲೆ ತಕರಾರು ಬೇಡವೆಂದು ಹಾಗೆ ಬರೆದು ಕಳಿಸುತ್ತಾರೆ.

ಪರಿಶೀಲನೆಗೆ ಮೃತ್ಯುಂಜಯ ಎಂಬ ಅಧಿಕಾರಿ ವಿಡಿಯೋ ಕರೆ ಮಾಡಿದರು. ಅಂಗಿಗೆ ಕತ್ತಿನವರೆಗೆ ಗುಂಡಿ ಹಾಕಿದ್ದರು.

“ಖಾತೆಗೆ ಜೋಡಿಸಿದ ನಂಬರು ಯಾರದು?”

“ನಮ್ಮ ಮನಿಯವರದು.”

“ಅವರನ್ನು ಕರೆಯಿರಿ.”

“ಅವರಿಲ್ರಿ.”

“ಎಷ್ಟು ಹೊತ್ತಿಗೆ ಬರುತ್ತಾರೆ?”

“ಬರಂಗಿಲ್ರಿ.”

ಅವರು ಏನೋ ಟೈಪ್ ಮಾಡಿಕೊಂಡು ಮುಂದಿನ ಪ್ರಶ್ನೆಗೆ ಹೋದರು. “ಆಟ ನಡೆಸುವವರು ನೀವೇನಾ?”

ಅತ್ತೆ ಫೋನಿಗೆ ಬಾಯಿ ಹಚ್ಚಿದರು. “ನಾ ರೊಟ್ಟಿ ಬಡಿತೇನ್ರಿ. ಆಡೋರು ಹೊರಗ ಅದಾರ. ಈಗೂ ಒಂದು ಬಾಜಿ ನಡದೈತಿ, ನೋಡ್ರಿ ಬೇಕಾದ್ರ.”

“ತೋರಿಸಿ. ಆದರೆ ಒಂದು ಮಾತು. ಗೆದ್ದವರು ಯಾರೆಂದು ಅಂಗಡಿಯವರೇ ತೀರ್ಮಾನಿಸಿದರೆ ಅಂಗಡಿಯೇ ಆಟ ನಡೆಸಿದಂತೆ. ಖಾತೆ ಮುಚ್ಚಬೇಕಾಗುತ್ತದೆ.”

ನಾನು ಅತ್ತೆಯ ಮುಖ ನೋಡಿದೆ. ಊರಿನ ಎಲ್ಲ ಬಾಜಿಗಳ ತೀರ್ಪು ಅವರದೇ. ಕೇಳದಿದ್ದರೂ ಕೊಡುತ್ತಾರೆ.

ಹೊರಗೆ ಫಕ್ಕೀರಪ್ಪ ಕೊನೆಯ ಒಗೆತಕ್ಕೆ ನಿಂತಿದ್ದ. ಯಲವಿಗಿ ರಸ್ತೆಯ ಪೆಟ್ರೋಲ್ ಬಂಕ್ ಮುಟ್ಟಿಸಬೇಕು. ಎದುರಾಳಿ ಚನ್ನೇಶ ಪಕ್ಕದಲ್ಲೇ ಇದ್ದ. ನಾನು ಫೋನ್ ಎತ್ತಿ ಹಿಡಿದೆ. ಹಣ್ಣು ಹಾರಿತು, ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಬಿತ್ತು. ಟ್ರ್ಯಾಕ್ಟರ್ ಬಂಕ್ ದಾಟಿ ಯಲವಿಗಿ ಕಡೆ ಹೋಯಿತು.

“ಮುಟ್ಟಿತು,” ಎಂದ ಫಕ್ಕೀರಪ್ಪ.

“ಮುಟ್ಟಿಸಿದ್ದು ಟ್ರ್ಯಾಕ್ಟರ್. ನೀ ಏನು ಮಾಡಿದಿ?”

“ಹಣ್ಣು ನನ್ನ ಕೈಯಾಗಿಂದನ ಹೋಗೇತಿ.”

“ಹಂಗಾದ್ರ ನಾಳೆ ಹುಬ್ಬಳ್ಳಿ ರೈಲಿನ್ಯಾಗ ಒಗಿ. ಹುಬ್ಬಳ್ಳಿನೂ ಗೆದ್ದಿ ಅಂತ ಬರಕೊಳ್ಳೋಣು.”

ಎಲ್ಲರೂ ಅತ್ತೆಯ ಕಡೆ ತಿರುಗಿದರು. “ಯವ್ವಾ, ನೀನ ಹೇಳು.”

ಅತ್ತೆ ಬಾಯಿ ತೆರೆದರು, ಫೋನ್ ನೋಡಿದರು, ಸೆರಗಿನ ತುದಿ ಬಾಯಿಗೆ ತುರುಕಿಕೊಂಡರು.

“ಯಾಕ ಬೇ, ಹಲ್ಲು ನೋವೇನು?” ಎಂದ ಚನ್ನೇಶ.

ಅವರು ತಲೆಯಾಡಿಸಿದರು. ಹೌದೋ ಅಲ್ಲವೋ ತಿಳಿಯಲಿಲ್ಲ. ಮುಖ ಕೆಂಪಾಗುತ್ತ ಬಂತು. ಫಕ್ಕೀರಪ್ಪ, ಚನ್ನೇಶ ಒಬ್ಬರ ಅಂಗಿ ಒಬ್ಬರು ಹಿಡಿದರು. ಇನ್ನು ಅತ್ತೆ ತಡೆಯಲಾರರು, ಖಾತೆ ಹೋಯಿತು ಎಂದುಕೊಂಡೆ.

“ಎಣಿಕಿಗೆ ಬರಂಗಿಲ್ರಿ ಅದು,” ಎಂದಿತು ನನ್ನ ಕೈಯಲ್ಲಿದ್ದ ಫೋನು. “ನಮ್ಮ ಹಿರೇಕೆರೂರ ಕಡೆ ಎತ್ತಿನ ಚಕ್ಕಡ್ಯಾಗ ಬಿದ್ದದ್ದನ್ನೂ ಒಪ್ಪಂಗಿಲ್ಲ. ನೆಲಕ್ಕ ಬೀಳಬೇಕು.”

ಹಿಡಿದ ಅಂಗಿ ಬಿಟ್ಟು ಇಬ್ಬರೂ ಫೋನಿನ ಕಡೆ ತಿರುಗಿದರು. ಮೃತ್ಯುಂಜಯ ಅವರ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದ್ದವು. ಅವನ್ನು ಹಾಕಿಕೊಂಡು, “ತೀರ್ಮಾನಿಸಿದವರು ಹೊರಗಿನ ವ್ಯಕ್ತಿ ಎಂದು ನಮೂದಿಸುತ್ತೇನೆ. ಸಂಜೆಯೊಳಗೆ ಖಾತೆ ತೆರೆಯುತ್ತದೆ,” ಎಂದರು.

“ಮತ್ತ ಬಂದ್ ಆಗಂಗಿಲ್ಲ ಅಂತ ಏನು ಗ್ಯಾರಂಟಿರಿ?” ಎಂದರು ಅತ್ತೆ, ಸೆರಗು ತೆಗೆದು.

“‘ಊಟ’ ಎಂದಷ್ಟೇ ಬರೆಯಲು ಹೇಳಿ.” ಅದು ಗ್ಯಾರಂಟಿಯಾಗಿರಲಿಲ್ಲ. ಕರೆ ಮುಗಿಯಿತು.

ಸಂಜೆ ಸ್ಕ್ಯಾನರ್ ನಡೆಯಿತು. ಫಕ್ಕೀರಪ್ಪ ಮುಖ ಗಂಟಿಕ್ಕಿಕೊಂಡೇ ಚನ್ನೇಶನ ಗುಂಪಿಗೆ ಊಟ ಹಾಕಿಸಿದ. ಬಡಿಸುವಾಗ ಅತ್ತೆ ಅವನ ತಾಟಿಗೆ ಮಾತ್ರ ಎರಡು ಹೋಳಿಗೆ ಹಾಕಿದರು. ಒಳಗೆ ಬಂದಾಗ ಯಾಕೆಂದು ಕೇಳಿದೆ.

“ಫೋನ್ ಬಂದ್ ಐತೇನು?”

“ಬಂದ್ ಐತ್ರಿ.”

“ಖರೇನ?”

“ಖರೇನ್ರಿ, ಅತ್ತಿ.”

ಆದರೂ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಜೋಳದ ಹಿಟ್ಟಿನ ಡಬ್ಬಿಯಲ್ಲಿಟ್ಟು, ಮುಚ್ಚಳ ಒತ್ತಿದ ಮೇಲೆಯೇ ಹೇಳಿದರು:

“ಗೆದ್ದಾಂವ ಫಕ್ಕೀರಪ್ಪ.”