ಹೊಟ್ಟೆಯುರಿ ಇಲ್ಲದ ಇಲಿ

ಎಡವಟ್ಟು ಶುರುವಾದದ್ದು ಪ್ರಯೋಗಾಲಯದ ಬಾಗಿಲ ಮೇಲಿನ ಬೋರ್ಡಿನಿಂದ. ಸಂಶೋಧನೆಯೆಲ್ಲ ಜನಸಾಮಾನ್ಯರಿಗೆ ಅರ್ಥವಾಗುವಂತಿರಬೇಕು ಎಂದು ಸಂಸ್ಥೆಯ ನಿರ್ದೇಶಕರು ಅಪ್ಪಣೆ ಮಾಡಿದ್ದೇ ತಡ, ಗುಮಾಸ್ತ ‘ದೊಡ್ಡ ಕರುಳಿನ ಉರಿಯೂತ’ ಎಂಬುದನ್ನು ಹೊಡೆದುಹಾಕಿ ‘ಇಲಿಗಳ ಹೊಟ್ಟೆಯುರಿಗೆ ಔಷಧ’ ಎಂದು ಬರೆಸಿ ತೂಗುಹಾಕಿದ. ಒಳಗೆ ಕೆಲಸ ಮಾಡುತ್ತಿದ್ದ ಸಂಶೋಧಕಿಯನ್ನು ಎಲ್ಲರೂ ಇಲಿಯಕ್ಕ ಅನ್ನುತ್ತಿದ್ದರು. ಅವಳಿಗೆ ಬೋರ್ಡು ಓದುವ ಪುರುಸೊತ್ತೂ ಇರಲಿಲ್ಲ.

ಮಾರನೆಯ ದಿನದಿಂದ ಬಾಗಿಲಲ್ಲಿ ಸಾಲು. ಲೆಕ್ಕಪತ್ರ ವಿಭಾಗದವಳು ತನ್ನ ಓರಗಿತ್ತಿಗೆ ಬೇಕು ಎಂದಳು. ಲಿಫ್ಟಿನವನು ಷಡ್ಡಕನಿಗೆ ಕೇಳಿದ. ತೋಟದ ಮಾಲಿಯಂತೂ ಅಕ್ಕಪಕ್ಕದ ಮನೆಯವರಿಗೆಲ್ಲ ಸೇರಿಸಿ ಒಂದು ದೊಡ್ಡ ಬಾಟಲಿ ಕೊಡಿ ಎಂದ. ತನಗೇ ಬೇಕೆಂದವರು ಒಬ್ಬರೂ ಇಲ್ಲ, ಹೊಟ್ಟೆಯುರಿ ಇರುವುದು ಯಾವಾಗಲೂ ಪಕ್ಕದ ಮನೆಯಲ್ಲೇ ತಾನೆ!

“ಅಯ್ಯೋ, ಆ ಹೊಟ್ಟೆಯುರಿ ಅಲ್ರೀ!” ಇಲಿಯಕ್ಕ ಹಣೆ ಚಚ್ಚಿಕೊಂಡಳು. “ಇಲಿಗಳ ನೀರಿಗೆ ಒಂದು ಪುಡಿ ಹಾಕ್ತೀನಿ. ಕರುಳಿನ ಒಳಪದರ ಹುಣ್ಣಾಗುತ್ತೆ. ಆ ಪದರ ಕಾಯೋಕೆ ಮೈಯೇ ಒಂದು ವಸ್ತು ಮಾಡ್ಕೊಳ್ಳುತ್ತೆ, ಪ್ರೊಸ್ಟಗ್ಲ್ಯಾಂಡಿನ್ ಅಂತ. ಕೆಲವು ಇಲಿಗಳಿಗೆ ಅದನ್ನ ಇನ್ನಷ್ಟು ಕೊಡ್ತೀನಿ. ಮಿಕ್ಕವಕ್ಕೆ ನೋವಿನ ಮಾತ್ರೆ. ಮಾತ್ರೆ ಆ ವಸ್ತು ಹುಟ್ಟೋದನ್ನೇ ತಡೆಯುತ್ತೆ, ಹುಣ್ಣು ಇನ್ನೂ ಕೆಡುತ್ತೆ.”

“ಅದೆಲ್ಲ ಸರಿ ಅಕ್ಕಾ,” ಎಂದಳು ಲೆಕ್ಕಪತ್ರದವಳು. “ಊಟಕ್ಕೆ ಮುಂಚೆ ಕೊಡ್ಬೇಕೋ, ಆಮೇಲೋ?”

ಸುದ್ದಿ ನಿರ್ದೇಶಕರ ಕಿವಿಗೂ ಬಿತ್ತು. ಆ ಕೋಣೆಯನ್ನು ಖಾಲಿ ಮಾಡಿಸಿ ಅತಿಥಿಗಳಿಗೆ ಸೋಫಾ ಹಾಕಿಸಬೇಕೆಂದು ಹೊಂಚುತ್ತಿದ್ದವರು ಅವರು. ಕೋಣೆ ಹೋದರೆ ಇಲಿಗಳೂ ಹೋದವು, ಇಲಿಯಕ್ಕನ ಇಷ್ಟು ವರ್ಷದ ದುಡಿಮೆ ಮಣ್ಣುಪಾಲು. “ಔಷಧದ ಗುಣ ತೋರ್ಸಮ್ಮ, ಕೋಣೆ ನಿನ್ನದೇ,” ಎಂದು ಸಮಿತಿ ಸಮೇತ ಬಂದು ಕೂತರು.

ಎರಡೂ ಬಗೆಯ ಇಲಿಗಳಿಂದ ಒಂದೊಂದನ್ನು ತಂದು ಅವಳು ಮೇಜಿನ ಮೇಲೆ ಬಿಟ್ಟಳು. ನಿರ್ದೇಶಕರು ಅವುಗಳ ಕಣ್ಣೆದುರೇ, ಪಂಜರದಿಂದ ತರಿಸಿದ ಮೂರನೆಯ ಇಲಿಯೊಂದಕ್ಕೆ ರಾಶಿ ಕಾಳು ಸುರಿದರು. ಪ್ರೊಸ್ಟಗ್ಲ್ಯಾಂಡಿನ್ ಸಿಕ್ಕಿದ್ದ ಇಲಿ ಬಂದದ್ದೇ ಆ ಮೂರನೆಯದನ್ನು ಪಕ್ಕಕ್ಕೆ ನೂಕಿ ಕಾಳಿಗೆ ಬಾಯಿ ಹಾಕಿತು. ಮೊನ್ನೆ ಮೊನ್ನೆಯವರೆಗೆ ರಕ್ತಭೇದಿಯಿಂದ ನರಳುತ್ತಿದ್ದ ಇಲಿ ಅದು! ಇಲಿಯಕ್ಕನಿಗೆ ಹಿಗ್ಗೋ ಹಿಗ್ಗು. ಮಾತ್ರೆ ತಿಂದ ಇಲಿ ಮಾತ್ರ ಬೆನ್ನು ಗೂನು ಮಾಡಿಕೊಂಡು, ಕಣ್ಣು ಅರೆಮುಚ್ಚಿ, ಕೂತಲ್ಲೇ ಕೂತಿತ್ತು.

ಸಮಿತಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಟ್ಟಿದ್ದು ಕೂತ ಇಲಿಗೆ.

“ಪಕ್ಕದಲ್ಲೇ ತಿಂತಿದ್ರೂ ಹೆಂಗೆ ಕೂತಿದೆ ನೋಡ್ರಿ! ಒಂಚೂರಾದ್ರೂ ಹೊಟ್ಟೆಯುರಿ?” ಎಂದರು ನಿರ್ದೇಶಕರು. “ಆ ಇನ್ನೊಂದು ಔಷಧ ನಿಲ್ಸಮ್ಮ, ಅದು ಹೊಡೆದಾಟ ಕಲಿಸುತ್ತೆ. ಇನ್ಮೇಲೆ ಎಲ್ಲ ಇಲಿಗಳಿಗೂ ಮಾತ್ರೆನೇ ಕೊಡು. ಕೋಣೆ ನಿನ್ನದು.”

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಹೂಂ ಅನ್ನಬೇಕೆಂದೇ ಅವಳು ಬಾಯಿ ತೆರೆದಳು. ಆದರೆ ಕಣ್ಣು ಆ ಗೂನುಬೆನ್ನಿನ ಇಲಿಯ ಮೇಲೆ ಬಿತ್ತು.

“ಸರ್, ಅದಕ್ಕೆ ಏಳೋ ಶಕ್ತಿನೇ ಇಲ್ಲ. ಸಾಯ್ತಾ ಇದೆ ಅದು.”

“ಸಾಯ್ಲಿ ಬಿಡಮ್ಮ. ಎಷ್ಟು ನೆಮ್ಮದಿಯಾಗಿ ಸಾಯ್ತಾ ಇದೆ!”

“ಹಾಗಾದ್ರೆ ನನಗೆ ಕೋಣೆ ಬೇಡ ಸರ್,” ಎಂದು ಇಲಿಯಕ್ಕ ಆ ಇಲಿಯನ್ನು ಎತ್ತಿ ಅಂಗೈಯಲ್ಲಿ ಮಲಗಿಸಿಕೊಂಡಳು.

ನಿರ್ದೇಶಕರು ಲೊಚಗುಟ್ಟಿ ಗುಮಾಸ್ತನ ಕಡೆ ತಿರುಗಿದರು. “ಪಾಪ, ಇಲಿಗೆ ಚಪ್ಪಾಳೆ ಬಿತ್ತು ಅಂತ ಹೊಟ್ಟೆಯುರಿ. ಇವಳಿಗೂ ಒಂದು ಮಾತ್ರೆ ಕೊಡಪ್ಪ.”