ಬೇಲಿ ಹತ್ತಿರ ಕೃತಿ

ರಾತ್ರಿ ಹನ್ನೆರಡು ದಾಟಿರಬೇಕು, ಹೊರಗೆಲ್ಲೋ ಏನೋ ಸಣ್ಣಗೆ ಅರಚಿತು. ಒಂದೇ ಸಲ, ಅದೂ ಅರ್ಧಕ್ಕೆ ನಿಂತುಹೋದ ಹಾಗೆ. ಶ್ರಾವಣಿ ಎದ್ದು ಕೂತಳು. ಜೂನ್ ತಿಂಗಳ ಸ್ವೀಡನ್ನಿನಲ್ಲಿ ರಾತ್ರಿಯೂ ಪೂರ್ತಿ ಕತ್ತಲಾಗುವುದಿಲ್ಲ. ಪಕ್ಕದ ಪುಟ್ಟ ಮಂಚದಲ್ಲಿ ಮಗಳು ಕೃತಿಯೂ ಎದ್ದು ಕೂತಿದ್ದು ಕಾಣಿಸಿತು. ನಾಲ್ಕೂವರೆ ವರ್ಷದ ಮಗು ಕಿಟಕಿಯತ್ತ ಕೈ ತೋರಿಸಿತು.

"ಕುರಿಮರಿ ಕಣೆ ಪುಟ್ಟೀ. ಅದರ ಅಮ್ಮನ ಹತ್ರ ಮಲಗಿರತ್ತೆ. ನೀನೂ ಮಲ್ಕೋ."

ಕೃತಿ ಮಲಗಿದಳು. ಶ್ರಾವಣಿ ಮಾತ್ರ ಎದ್ದು ಹೋಗಿ ಬಾಗಿಲ ಚಿಲಕವನ್ನು ಎರಡು ಸಲ ಮುಟ್ಟಿ ನೋಡಿ ಬಂದಳು.

ಅವರಿದ್ದ ಯೋನ್‌ಶೋಪಿಂಗ್ ಪಟ್ಟಣದಿಂದ ಒಂದು ಗಂಟೆ ದೂರದ ಈ ಹಳ್ಳಿಮನೆಯನ್ನು ಮೂರು ದಿನಕ್ಕೆ ಬಾಡಿಗೆಗೆ ಹಿಡಿದವನು ಗಂಡ ಕಾರ್ತಿಕೇಯ. ಹೊಲದ ನಡುವೆ ಕೆಂಪು ಬಣ್ಣದ ಮರದ ಮನೆ, ಹಿಂದೆ ಕುರಿಗಳ ಹುಲ್ಲುಗಾವಲು. ಹೊರಡುವ ದಿನ ಮನೆ ಗುಡಿಸಿ ಒರೆಸಿ ಹೋಗುವುದು ಬಂದವರದೇ ಕೆಲಸ ಎಂಬ ನಿಯಮ ಓದಿ, "ದುಡ್ಡೂ ಕೊಟ್ಟು ನೆಲಾನೂ ನಾವೇ ಒರೆಸಬೇಕಂತೆ, ನಮ್ಮಮ್ಮಂಗೆ ಹೇಳ್ಬೇಡ ಕಣೆ," ಎಂದು ನಕ್ಕಿದ್ದ.

ಮನೆಯ ಒಡತಿ ಗುನ್‌ವೋರ್ ಎಪ್ಪತ್ತರ ಹೆಂಗಸು. ನಿನ್ನೆ ಸಂಜೆ ಕೀಲಿ ಕೊಡಲು ಬಂದಾಗ ಕೃತಿ ಅಮ್ಮನ ಕಾಲಿನ ಹಿಂದೆ ಅಡಗಿದ್ದಳು. ಶ್ರಾವಣಿ ಎಂದಿನಂತೆ, "ಇವಳಿಗೆ ಸ್ವಲ್ಪ ನಾಚಿಕೆ..." ಎಂದು ಶುರು ಮಾಡಿದ್ದಳು.

"ನನ್ನ ಕುರಿಗಳಿಗೂ ಹೊಸಬರಂದ್ರೆ ಆಗಲ್ಲ," ಎಂದ ಗುನ್‌ವೋರ್ ಮಗುವಿನತ್ತ ತಿರುಗಿಯೂ ನೋಡದೆ ಬಕೆಟ್ ಅಲ್ಲಾಡಿಸುತ್ತಾ, "ಕೊಮ್ ದೋ, ಕೊಮ್ ದೋ," ಬನ್ನಿ ಬನ್ನಿ ಎಂದು ಕುರಿಗಳನ್ನು ಕರೆಯುತ್ತಾ ಹೋಗಿಬಿಟ್ಟಿದ್ದರು.

ಅದು ನಾಚಿಕೆಯಲ್ಲವೆಂದು ಶ್ರಾವಣಿಗೆ ಗೊತ್ತಿತ್ತು. ಮನೆಯಲ್ಲಿ ಕನ್ನಡದಲ್ಲಿ ಪಟಪಟ ಎನ್ನುವ ಮಗು ಹೊಸ್ತಿಲು ದಾಟಿದರೆ ಬಾಯಿ ಬಿಡುತ್ತಿರಲಿಲ್ಲ. ದಾಗಿಸ್‌ಗೆ, ಅಂದರೆ ಅಲ್ಲಿನ ಶಿಶುವಿಹಾರಕ್ಕೆ, ಸೇರಿಸಿ ಎಂಟು ತಿಂಗಳಾಗಿತ್ತು. ಅಲ್ಲಿನ ಟೀಚರುಗಳು ಅವಳ ದನಿಯನ್ನೇ ಕೇಳಿರಲಿಲ್ಲ. ಆಗಸ್ಟಿನಲ್ಲಿ ತಜ್ಞರ ಹತ್ತಿರ ಹೋಗುವುದಿತ್ತು. ಮಗು ಹೀಗೇ ಉಳಿದುಬಿಟ್ಟರೆ ಎಂಬ ಯೋಚನೆ ಶ್ರಾವಣಿಯನ್ನು ಬಿಟ್ಟಿರಲಿಲ್ಲ.

ಮಾರ್ಚಿನಲ್ಲಿ ಒಮ್ಮೆ ಬಸ್ಸಿನಿಂದ ಇಳಿಯುವಾಗ ಕೃತಿ ಡ್ರೈವರಿಗೆ "ತಕ್" ಎಂದಿದ್ದಳು, ಥ್ಯಾಂಕ್ಸ್ ಅಂತ. ಸಂತೋಷ ತಡೆಯಲಾರದೆ ಶ್ರಾವಣಿ ಮನೆ ಸೇರುವ ಮೊದಲೇ ಫ್ಯಾಮಿಲಿ ಗ್ರೂಪಿಗೆ ಹಾಕಿದಳು. ಸಂಜೆ ವಿಡಿಯೋ ಕಾಲ್‌ನಲ್ಲಿ ಬೆಂಗಳೂರಿನ ಮನೆಯೆಲ್ಲ ನೆರೆದಿತ್ತು. "ಎಲ್ಲಿ ಚಿನ್ನ, ಡ್ರೈವರ್‌ಗೆ ಹೇಳಿದ್ದು ಅಜ್ಜಿಗೂ ಒಂದ್ಸಲ ಹೇಳು!" ಎಂದು ಅತ್ತೆ. "ನಂಗೂ ಹೇಳು, ಸೈಕಲ್ ಕೊಡಿಸ್ತೀನಿ!" ಎಂದು ದೊಡ್ಡಮಾವ ಗೋಪೀನಾಥ. ಕೃತಿ ಸೋಫಾದ ಹಿಂದೆ ಹೋಗಿ ಕೂತಳು. ಆಮೇಲೆ ಹತ್ತು ದಿನ ಮನೆಯಲ್ಲೂ ಮಾತಿಲ್ಲ.

ಬೆಳಗಿನ ಐದಕ್ಕೆ ಶ್ರಾವಣಿಗೆ ಎಚ್ಚರವಾದಾಗ ಪುಟ್ಟ ಮಂಚ ಖಾಲಿ. ಚಿಲಕ ತೆಗೆದಿತ್ತು. ಮಗುವಿನ ಬೂಟುಗಳಿರಲಿಲ್ಲ. ಫೋನ್ ಹಿಡಿದು ಬರಿಗಾಲಲ್ಲೇ ಓಡಿದಳು. ಅಂಗಳದ ಬಾವಿ! ಅದರ ಮೇಲೆ ಹಲಗೆ ಮುಚ್ಚಿಯೇ ಇತ್ತು. ಅಲ್ಲಿಂದ ಹೊರಳುವಾಗ ದನಿ ಕೇಳಿಸಿತು.

"ಕೊಮ್ ದೋ! ಕೊಮ್ ದೋ!"

ನೈಟಿಯಲ್ಲೇ, ಕಾಲಿಗೆ ಬೂಟು ಹಾಕಿಕೊಂಡು ಕೃತಿ ಬೇಲಿಯ ಹತ್ತಿರ ನಿಂತಿದ್ದಳು. ತಂತಿಬೇಲಿಯ ಚೌಕದೊಳಗೆ ತಲೆ ತೂರಿಸಿದ ಕುರಿಮರಿಯೊಂದು ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಬರಲಾರದೆ ನಿಂತಿತ್ತು. "ಪುಟ್ಟೀ" ಎಂಬ ಕೂಗು ಶ್ರಾವಣಿಯ ಗಂಟಲಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಸೌದೆ ಒಟ್ಟಿದ್ದ ಕಡೆ ಮರೆಯಾದಳು.

ಕೊಟ್ಟಿಗೆಯಿಂದ ಗುನ್‌ವೋರ್ ಬರುತ್ತಿದ್ದರು. ಇನ್ನೀಗ ಬಾಯಿ ಮುಚ್ಚುತ್ತಾಳೆ, ಎಂದುಕೊಂಡಳು ಶ್ರಾವಣಿ.

"ಅದರ ತಲೆ ಸಿಕ್ಕಿಹಾಕ್ಕೊಂಡಿದೆ!" ಕೃತಿ ಸ್ವೀಡಿಷ್‌ನಲ್ಲಿ ಕೂಗಿದಳು. "ರಾತ್ರಿಯಿಂದ! ನಂಗೆ ಕೇಳಿಸ್ತು!"

ಗುನ್‌ವೋರ್ ಹುಬ್ಬನ್ನೂ ಏರಿಸಲಿಲ್ಲ. "ಹೌದಲ್ಲ. ನೀನು ಅದರ ಕಿವಿ ಹಿಂದಕ್ಕೆ ಒತ್ತಿ ಹಿಡ್ಕೋ. ನಾನು ತಂತಿ ಅಗಲ ಮಾಡ್ತೀನಿ."

"ಕಚ್ಚುತ್ತಾ?"

"ಇಲ್ಲ. ಈ ದಡ್ಡನಿಗೆ ತಲೆ ತೂರಿಸೋದು ಬರತ್ತೆ, ತೆಗೆಯೋದು ಬರಲ್ಲ."

"ನಮ್ಮಪ್ಪಂಗೂ ಹಂಗೇ. ಟೀ-ಶರ್ಟಲ್ಲಿ."

ಮುದುಕಿ ಗೊಳ್ಳೆಂದು ನಕ್ಕರು. ಕೃತಿಯೂ ನಕ್ಕಳು. ಎಂಟು ತಿಂಗಳು ಒಂದು ಮೂಲೆಯಲ್ಲಿ ಕೂತು ಕೇಳಿಸಿಕೊಂಡ ಭಾಷೆಯನ್ನು ಮಗು ಅಮ್ಮನಿಗಿಂತ ಎಷ್ಟು ಚೆನ್ನಾಗಿ ಆಡುತ್ತಿದೆ! ಮರಿ ಬಿಡಿಸಿಕೊಂಡು ಓಡಿತು. ಶ್ರಾವಣಿಯ ಹೆಬ್ಬೆರಳು ತಾನಾಗಿಯೇ ಫೋನಿನ ಕ್ಯಾಮೆರಾ ತೆರೆದಿತ್ತು. ನೋಡಿ, ಮುಚ್ಚಿದಳು. ತಲೆಯೆತ್ತಿದರೆ ಗುನ್‌ವೋರ್ ಸೌದೆ ರಾಶಿಯ ಆಚೆಯಿಂದ ಅವಳನ್ನೇ ನೋಡುತ್ತಿದ್ದರು. ಒಂದು ಕ್ಷಣ ಅಷ್ಟೇ. ನಂತರ ಏನನ್ನೂ ಕಾಣದವರಂತೆ ಕೃತಿಯ ಕೈಗೆ ಬಕೆಟ್ ಕೊಟ್ಟರು.

ಶ್ರಾವಣಿ ಓಡಿಬಂದು, ಒದ್ದೆ ಪಾದ ಒರೆಸಿಕೊಂಡು, ಕಿವಿಯನ್ನು ಹೊರಗಿಟ್ಟೇ ಹೊದಿಕೆಯೊಳಗೆ ಸೇರಿದಳು. ಇಪ್ಪತ್ತು ನಿಮಿಷಕ್ಕೆ ಬೂಟು ಬಿಚ್ಚುವ ಸದ್ದಾಯಿತು. ಆಗಷ್ಟೇ ಅವಳು ಕಣ್ಣು ಮುಚ್ಚಿದಳು.

ತಿಂಡಿಯ ಹೊತ್ತಿಗೆ ಅತ್ತೆ ಶೋಭನಾರ ಫೋನ್ ಬಂತು, ಸ್ಪೀಕರ್ ಆನ್ ಆಗಿತ್ತು. "ಮಗು ಅಲ್ಲಿ ಯಾರ ಹತ್ರಾನಾದ್ರೂ ಮಾತಾಡಿದ್ಳೇನಮ್ಮಾ?"

ಕೃತಿಯ ಕೈಯಲ್ಲಿದ್ದ ಚಮಚ ನಿಂತಿತು.

"ಇಲ್ಲಿ ಮಾತಾಡೋಕೆ ಯಾರಿದಾರೆ ಅತ್ತೆ? ಸುತ್ತ ಬರೀ ಕುರಿಗಳು," ಎಂದಳು ಶ್ರಾವಣಿ. ಚಮಚ ಮತ್ತೆ ಅವಲಕ್ಕಿಗೆ ಇಳಿಯಿತು.

ಫೋನಿಟ್ಟ ಮೇಲೆ ಕಾರ್ತಿಕೇಯ ಅವಳನ್ನೇ ನೋಡಿದ. "ಏನೇ ಅದು, ಮುಖ ಹಿಂಗೆ ಹೊಳೀತಿದೆ? ಏನಾಯ್ತು?"

ಹೇಳಿಬಿಡಬೇಕೆಂದು ಅವಳ ನಾಲಿಗೆ ತುದಿವರೆಗೆ ಬಂತು. ಅವನು ಅಪ್ಪ, ನಿದ್ದೆಗೆಟ್ಟ ರಾತ್ರಿಗಳನ್ನು ಅವಳಷ್ಟೇ ಅವನೂ ಎಣಿಸಿದ್ದ. ಆದರೆ ಅವನ ಹೊಟ್ಟೆಯಲ್ಲಿ ಸಂತೋಷ ಮಧ್ಯಾಹ್ನದವರೆಗೂ ನಿಲ್ಲುವುದಿಲ್ಲ. ಚಿಲಕದ ವಿಷಯ ಬೇರೆ. ಬಾಗಿಲಿಗೆ ಮೇಲೊಂದು ಕೊಕ್ಕೆ ಬೇಕೆಂದು ಗುನ್‌ವೋರ್ ಅವರನ್ನು ಇವತ್ತೇ ಕೇಳಬೇಕು. ಉಳಿದದ್ದನ್ನು ಯಾವತ್ತಾದರೂ ಕೃತಿಯೇ ಅವನಿಗೆ ಹೇಳಲಿ. ಅಲ್ಲಿಯವರೆಗೆ ತಾನು ಯಾರಿಗೂ ಹೇಳುವುದಿಲ್ಲ, ಇವನಿಗೂ ಇಲ್ಲ.

"ಏನಿಲ್ಲ," ಎಂದಳು. "ಬೆಳಗಿನ ಜಾವ ಒಳ್ಳೇ ನಿದ್ದೆ ಬಂತು."