ಧಾರೆಯ ಗಿಂಡಿ

ಕುಸುಮಾವತಿ ಸಿಡ್ನಿಯಿಂದ ಬೆಳಗಿನ ವಿಮಾನ ಹಿಡಿದು ಮೆಲ್ಬರ್ನ್‌ಗೆ ಬಂದದ್ದು ಮಗಳ ಕಲಾಪ್ರದರ್ಶನ ನೋಡಲಿಕ್ಕಲ್ಲ, ಗಿಂಡಿ ಒಯ್ಯಲಿಕ್ಕೆ. ಮಗ ಸುಕೇಶನ ಮದುವೆಗೆ ಹನ್ನೆರಡೇ ದಿನ. ತಾಯಿಯಿಂದ ಮಗಳಿಗೆ ಇಳಿದು ಬಂದ ಹಿತ್ತಾಳೆಯ ಗಿಂಡಿ ಅದು. ಜೋಡಿಸಿದ ಕೈಗಳ ಮೇಲೆ ಅದರಿಂದ ನೀರೆರೆಯದೆ ಅವರ ಕುಟುಂಬದಲ್ಲಿ ಯಾವ ಧಾರೆಯೂ ಮುಗಿದದ್ದಿಲ್ಲ.

ಸಣ್ಣ ಗ್ಯಾಲರಿಯಲ್ಲಿ ಮಗಳು ಅಶ್ವಿತಾ ಏಣಿ ಹತ್ತಿ ದೀಪ ತಿರುಗಿಸುತ್ತಿದ್ದಳು. ಸಂಜೆ ಆರಕ್ಕೆ ಜನ ಬರುವವರಿದ್ದರು.

"ಗಿಂಡಿ ಎಲ್ಲುಂಟು?" ಎಂದಳು ಸುಕೇಶನ ಜೊತೆ ಒಳಗೆ ಬಂದ ಕುಸುಮಾವತಿ.

ಅಶ್ವಿತಾ ಕೆಳಗಿಳಿದಳು. ನಡುವಿನ ಪೀಠದ ಮೇಲೆ ಸುಟ್ಟ ಮಣ್ಣಿನ ಎರಡು ಕೈಗಳಿದ್ದವು, ಒಂದರೊಳಗೊಂದು. ಒಂದು ಅವಳದು, ಇನ್ನೊಂದು ಲಿನ್‌ಳದು. ವಿಯೆಟ್ನಾಂ ಮೂಲದ ಲಿನ್ ಜೊತೆ ಅವಳು ನಗರದಾಚೆಯ ವೆರಿಬೀಯಲ್ಲಿ ಮನೆ ಮಾಡಿ ನಾಲ್ಕು ವರ್ಷ. ಕೈಗಳ ಮೇಲೆ ಮಣ್ಣಿನ ಗಿಂಡಿ. ಅದಕ್ಕೆ ನೀರೆರೆಯುವ ಹಿತ್ತಾಳೆಯ ಮೂತಿ. ಮೂತಿ ಹೋದ ಹಳೆಯ ಗಿಂಡಿ ಕಿಟಕಿಯಲ್ಲಿತ್ತು.

ಕುಸುಮಾವತಿ ಅದನ್ನು ಎತ್ತಿ ತೂತಿನೊಳಗೆ ಬೆರಳು ಹಾಕಿದಳು. "ಕತ್ತರಿಸಿದೆಯಾ?"

"ನನ್ನ ಧಾರೆಗೆ ಅಂತ ನೀನೇ ಕೊಟ್ಟದ್ದಲ್ವಾ? ಇದೇ ನನ್ನ ಧಾರೆ."

"ಎರಡು ಹೆಂಗಸರಿಗೆ ಎಂತ ಧಾರೆ ಮಾರಾಯ್ತಿ? ಹೆಣ್ಣಿನಿಂದ ನಡೆಯುವ ಕುಟುಂಬ ನಮ್ಮದು. ನಿನ್ನಲ್ಲಿಗೆ ಮುಗೀತು."

"ಅಮ್ಮಾ, ಸಿಡ್ನಿಯಲ್ಲೇ, ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಲ್ಲಿ ಹೊಸದು ಸಿಗ್ತದೆ," ಎಂದ ಸುಕೇಶ್. "ಯಾರಿಗೂ ಗೊತ್ತಾಗಲ್ಲ."

"ನೀನು ಸುಮ್ಮನಿರು. ಸಾರಿನ ಸೌಟಲ್ಲಿ ಎರೆದರೂ ನಿನಗೆ ಆಗ್ತದೆ."

ಒಳಗಿನಿಂದ ಲಿನ್ ಬಂದಳು. "ಆಂಟಿ, ಟೀ?"

ಕುಸುಮಾವತಿ ಅವಳತ್ತ ತಿರುಗಲೂ ಇಲ್ಲ. "ಆ ಮೂತಿ ಕಿತ್ತುಕೊಡು."

"ಯಾಕೆ? ಸುಕೇಶನಿಗೆ ಎರೆಯುವುದು ಸೋದರಮಾವ. ಅಪ್ಪ ತೀರಿಹೋದ ಮೇಲೆ ವಿಧವೆ ಅಂತ ಗಿಂಡಿ ಮುಟ್ಟಲಿಕ್ಕೂ ನಿನ್ನನ್ನು ಬಿಡುವುದಿಲ್ಲ. ಇಲ್ಲಿ ನಾನಾದರೆ 'ನೀನೇ ಎರೆ' ಅಂತಿದ್ದೆ."

ಆಡಿದ ಮೇಲೆ ಅಶ್ವಿತಾ ತಾಯಿಯ ಮುಖ ನೋಡಿದಳು. ಬೈಯಬಹುದು, ಅಳಬಹುದು ಎಂದು ಕಾದಳು.

ಕುಸುಮಾವತಿ ಏಣಿಯ ಬುಡದಲ್ಲಿದ್ದ ಸುತ್ತಿಗೆ ತೆಗೆದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ತೆಂಗಿನಕಾಯಿ ಒಡೆಯುವ ಲೆಕ್ಕದಲ್ಲಿ ಒಂದೇ ಪೆಟ್ಟು. ಮಣ್ಣಿನ ಗಿಂಡಿ ಹೋಳಾಯಿತು. ಲಿನ್ ಮುಂದೆ ನುಗ್ಗಿದಳು, ಅಶ್ವಿತಾ ಅವಳ ತೋಳು ಹಿಡಿದಳು.

ಕುಸುಮಾವತಿ ಮೂತಿಯನ್ನು ಹೆಕ್ಕಿ, ಅಂಟನ್ನು ಉಗುರಿನಿಂದ ಕೆರೆದು, ಹಳೆಯ ಗಿಂಡಿಗೆ ಹಿಡಿದಳು. ಕೂರಲಿಲ್ಲ. ತಿರುಗಿಸಿ ಹಿಡಿದಳು. ಮಣ್ಣಿಗೆ ಹೊಂದಲೆಂದು ಅಶ್ವಿತಾ ಅದರ ಅಂಚನ್ನು ಅರದಿಂದ ಉಜ್ಜಿದ್ದಳು. ಸುತ್ತಲೂ ಕಿರುಬೆರಳಷ್ಟು ಸಂದು.

"ಇದರಲ್ಲಿ ಇನ್ನು ನೀರು ನಿಲ್ಲುವುದಿಲ್ಲ," ಎಂದಳು ಕುಸುಮಾವತಿ, ಯಾರಿಗೂ ಅಲ್ಲದಂತೆ. ಆದರೂ ಎರಡನ್ನೂ ಚೀಲಕ್ಕೆ ಹಾಕಿಕೊಂಡಳು. ಬಾಗಿಲಲ್ಲಿ ನಿಂತು, "ಮದುವೆಗೆ ಬರಬೇಡ," ಎಂದಳು. ಸುಕೇಶ್ ಅಕ್ಕನ ಮುಖ ನೋಡದೆ ಹಿಂದೆ ಹೋದ.

ಲಿನ್ ಪೊರಕೆ ತಂದಳು.

"ಬೇಡ. ಬಿದ್ದಲ್ಲೇ ಇರಲಿ."

ಪೀಠಕ್ಕೆ ಅಂಟಿಸಿದ್ದ ಚೀಟಿಯಲ್ಲಿ 'ಮಣ್ಣು, ಹಿತ್ತಾಳೆ' ಎಂದು ಅಚ್ಚಾಗಿತ್ತು. ಅಶ್ವಿತಾ ಪೆನ್ನು ಕೇಳಿ ಪಡೆದು 'ಹಿತ್ತಾಳೆ' ಎಂಬ ಪದದ ಮೇಲೆ ಗೀಟು ಎಳೆದಳು. ಆಮೇಲೆ ಮತ್ತೆ ಏಣಿ ಹತ್ತಿ, ದೀಪವನ್ನು ಹೋಳುಗಳ ಕಡೆಗೆ ತಿರುಗಿಸಿದಳು.